ಬಾರದ ಇ-ಮೇಲ್ ಎಲ್ಲಿದೆ?

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ಕಾಲೇಜಿಗೆ ಅರ್ಜಿ ಹಾಕಿದ ಹುಡುಗಿಯೊಬ್ಬಳು ಫೋನು ಹಿಡಿದು ಕೂತಿದ್ದಾಳೆ ಎನ್ನಿ. ಪ್ರವೇಶದ ಇ-ಮೇಲ್ ಬಂದಿಲ್ಲ. ಶುಲ್ಕ ಕಟ್ಟಲು ನಾಳೆಯೇ ಕಡೆಯ ದಿನ. ಅಪ್ಪ ಟವರನ್ನು ಬಯ್ಯುತ್ತಾರೆ, ಅಮ್ಮ ಫೋನನ್ನು.

ಇ-ಮೇಲ್ ನೇರವಾಗಿ ಫೋನಿಗೆ ಬರುವುದಿಲ್ಲ. ಅದು ಮೊದಲು ಸೇರುವುದು ದೂರದ 'ಸರ್ವರ್' ಎಂಬ ಕಂಪ್ಯೂಟರನ್ನು. ಅದೇ ಅಂಚೆ ಕಚೇರಿ. ಫೋನು ಬರೀ ಪೋಸ್ಟ್‌ಮ್ಯಾನ್. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ವಿಳಾಸದ ನಡುವೆ '@' ಚಿಹ್ನೆ ಇಟ್ಟರು. ಅದರ ಎಡಕ್ಕೆ ವ್ಯಕ್ತಿಯ ಹೆಸರು, ಬಲಕ್ಕೆ ಕಂಪ್ಯೂಟರಿನ ಹೆಸರು.

ಆದ್ದರಿಂದ ಮೊದಲು ಬೇರೊಂದು ಕಂಪ್ಯೂಟರಿನಲ್ಲಿ ಅದೇ ಖಾತೆ ತೆರೆದು ನೋಡಬೇಕು. ಪತ್ರ ಅಲ್ಲಿದ್ದರೆ ತಪ್ಪು ಫೋನಿನದು: 'ಸಿಂಕ್' ಆಫ್ ಆಗಿರಬಹುದು, ಇಲ್ಲವೇ ಬ್ಯಾಟರಿ ಉಳಿಸುವ ವ್ಯವಸ್ಥೆ ಆಪ್ ಅನ್ನು ಮಲಗಿಸಿರಬಹುದು. ಅಲ್ಲೂ ಕಾಣದಿದ್ದರೆ 'ಸ್ಪಾಮ್' ಎಂಬ ಕಸದ ಬುಟ್ಟಿ ಕೆದಕಬೇಕು.

ಅಲ್ಲಿಯೂ ಇಲ್ಲವೆ? ಹಾಗಾದರೆ ಜಾಗ ತುಂಬಿದೆಯೇ ನೋಡಿ. ಗೂಗಲ್ ಸಾಮಾನ್ಯವಾಗಿ ಪುಕ್ಕಟೆ ಕೊಡುವುದು 15 ಜಿ.ಬಿ. 2021ರ ಜೂನ್‌ನಿಂದ ಗೂಗಲ್ ಫೋಟೋಸ್‌ಗೆ ಏರಿಸಿದ ಚಿತ್ರಗಳೂ ಅದರ ಲೆಕ್ಕಕ್ಕೇ ಸೇರುತ್ತವೆ. ಅಣ್ಣನ ಮದುವೆಯ ವಿಡಿಯೊಗಳೇ ಅದನ್ನು ತುಂಬಿದ್ದರೆ ಕಾಲೇಜಿನ ನಾಲ್ಕು ಸಾಲಿನ ಪತ್ರಕ್ಕೂ ಜಾಗವಿಲ್ಲ. ಅದು ಕಳಿಸಿದವರಿಗೇ ವಾಪಸಾಗುತ್ತದೆ. ಫೋನಿನ ಮೆಮೊರಿ ಖಾಲಿಯಿದ್ದರೂ ಪ್ರಯೋಜನವಿಲ್ಲ, ಅದು ಬೇರೆ, ಇದು ಬೇರೆ. ಗೂಗಲ್ ಎಚ್ಚರಿಕೆಯನ್ನೇನೋ ಕೊಡುತ್ತದೆ, ಓದುವವರು ಯಾರು?

ವಿಡಿಯೊ ಅಳಿಸಿ, 'ಟ್ರ್ಯಾಶ್' ಅನ್ನೂ ಬರಿದು ಮಾಡಬೇಕು. ಆದರೂ ವಾಪಸಾದ ಪತ್ರ ತಾನಾಗಿ ಬರುವುದಿಲ್ಲ. ಹುಡುಗಿ ಕೂಡಲೇ ಕಾಲೇಜಿಗೆ ಫೋನು ಮಾಡಿ ಮತ್ತೆ ಕಳಿಸಲು ಕೇಳಬೇಕು. ಹಾಗೆಯೇ ವಿಳಾಸದ ಒಂದೊಂದು ಅಕ್ಷರವನ್ನೂ ಓದಿ ಹೇಳಬೇಕು. ಅರ್ಜಿಯಲ್ಲಿ ಒಂದಕ್ಷರ ತಪ್ಪಿದ್ದರೆ ಪತ್ರ ಇನ್ನಾರದೋ ಪೆಟ್ಟಿಗೆ ಸೇರಿರಬಹುದು.