ತೋಳು ದಪ್ಪವಾಯಿತು ಎನ್ನುವವರಿಗೆ

ಈಚೆಗೆ ರವಿಕೆ ಹೊಲಿಸಲು ಹೋಗಿದ್ದೆ. ಟೈಲರ್ ಹುಡುಗಿ ನನ್ನ ತೋಳಿಗೆ ಟೇಪು ಸುತ್ತಿ ‘ಹದಿಮೂರೂವರೆ’ ಎಂದು ಮೆಲ್ಲಗೆ ಹೇಳಿದಳು. ಅದಕ್ಕಿಂತ ಮೆಲ್ಲಗೆ, ‘ತೋಳು ಜಾಸ್ತಿ ಆಗಿದೆಯಲ್ಲಕ್ಕ’ ಎಂದಳು. ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ಹೆಂಗಸರು ಸೆರಗನ್ನೋ ವೇಲನ್ನೋ ಎಳೆದು ತಂತಮ್ಮ ತೋಳು ಮುಚ್ಚಿಕೊಂಡರು. ಮೂವರೂ ಗಾರ್ಮೆಂಟ್ಸಿಗೆ ಹೋಗುವವರು. ದಿನಕ್ಕೆ ನೂರಾರು ಶರ್ಟಿಗೆ ತೋಳು ಕೂರಿಸುವವರು ತಮ್ಮ ತೋಳಿಗೆ ನಾಚಿಕೊಂಡರು.

ದೊಡ್ಡಬಳ್ಳಾಪುರಕ್ಕೆ ಅಂಟಿಕೊಂಡಿರುವ ನಮ್ಮ ಬಾಶೆಟ್ಟಿಹಳ್ಳಿಯ ಸುತ್ತ ಕಾರ್ಖಾನೆಗಳಿವೆ, ಸಮೀಪದಲ್ಲೇ ಅಪರೆಲ್ ಪಾರ್ಕ್ ಇದೆ, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದಿದೆ. ಇವೆಲ್ಲ ನಡೆಯುವುದರಲ್ಲಿ ಹೆಂಗಸರ ಮೈಬಲದ ಪಾಲು ದೊಡ್ಡದು. ಆದರೆ ಅದೇ ಹೆಂಗಸರು ಬೆಳಗ್ಗೆ ಎದ್ದು ತಮಗಾಗಿ ಓಡಿದರೆ, ಬಸ್ಕಿ ಹೊಡೆದರೆ, ಭಾರ ಎತ್ತಿದರೆ ಊರಿಗೆ ಇರುಸುಮುರುಸು. ನಾನೂ ಹಾಗೆ ಓಡುವವಳು. ಕೇಳಿಸಿಕೊಂಡ ಮಾತುಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಿದ್ದೇನೆ.

ಮೊದಲನೆಯದು: ‘ಮನೆಗೆಲ್ಸ ನೆಟ್ಟಗೆ ಮಾಡಿದ್ರೆ ಸಾಕು, ಅದೇ ಎಕ್ಸರ್‌ಸೈಜು.’

ಅರ್ಧ ನಿಜ. ಕವೆಗೋಲಿನಲ್ಲಿ ಪಾತ್ರೆಯನ್ನು ಅದುಮಿ ಹಿಡಿದು ಹತ್ತು ಜನಕ್ಕೆ ಮುದ್ದೆ ತಿರುವುವುದು ಎಂಥ ಕೆಲಸ ಎಂಬುದು ತಿರುವಿದ ಭುಜಕ್ಕೇ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಮನೆಗೆಲಸವನ್ನು ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ಹಿಡಿಯುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ಚಟುವಟಿಕೆ ಬೇಕು ಎಂದ ಮೇಲೂ, ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆಂದು ಅದು ಬೇರೆಯಾಗಿ ಹೇಳುತ್ತದೆ. ಕಾರಣ ಸರಳ. ಮಷೀನಿನ ಮುಂದೆ ಎಂಟು ಗಂಟೆ ಕತ್ತು ಬಗ್ಗಿಸಿ ಒಂದೇ ಹೊಲಿಗೆ ಹಾಕಿದರೆ ಕೆಲವು ಸ್ನಾಯುಗಳು ಸೋಲುತ್ತವೆ, ಮಿಕ್ಕವು ಮಲಗಿರುತ್ತವೆ. ಅಲ್ಲಿ ಟಾರ್ಗೆಟ್ ಬೇರೆಯವರದು, ನೋವೆಂದು ನಿಲ್ಲಿಸುವಂತಿಲ್ಲ. ಕಸರತ್ತಿನಲ್ಲಿ ಭಾರವನ್ನು ನಾನೇ ಆರಿಸುತ್ತೇನೆ, ವಾರವಾರ ಸ್ವಲ್ಪ ಏರಿಸುತ್ತೇನೆ, ನಡುವೆ ಸುಧಾರಿಸಿಕೊಳ್ಳುತ್ತೇನೆ. ಮೈ ಗಟ್ಟಿಯಾಗುವುದು ಆ ಬಿಡುವಿನಲ್ಲಿ. ಇನ್ನೊಂದು ಲೆಕ್ಕವನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಮನೆಗೆಲಸವೊಂದೇ ಸಾಕಾಗಿದ್ದರೆ ನಮ್ಮ ಹೆಂಗಸರಷ್ಟು ಗಟ್ಟಿಮುಟ್ಟು ಮಂದಿ ಲೋಕದಲ್ಲೇ ಇರಬಾರದಿತ್ತು. ಎಲ್ಲರಿಗೂ ಬಡಿಸಿ ತಳ ಕೆರೆದು ಉಣ್ಣುವವಳಿಗೆ ಮೈ ಮೇಲೆ ಗಮನ ಬಂದರೆ ತಟ್ಟೆಯ ಮೇಲೂ ಬರುತ್ತದೆ.

ಎರಡನೆಯದು: ‘ಮೈ ಗಂಡಸಿನ ಥರ ಆಗುತ್ತೆ.’

ಸ್ನಾಯು ಉಬ್ಬಲು ಮುಖ್ಯವಾಗಿ ಬೇಕಾದ ಟೆಸ್ಟೋಸ್ಟೆರಾನ್ ಹೆಂಗಸರ ರಕ್ತದಲ್ಲಿ ಸಾಮಾನ್ಯವಾಗಿ ಗಂಡಸರಲ್ಲಿ ಇರುವುದರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ವಾರಕ್ಕೆ ಮೂರು ದಿನ ಬಸ್ಕಿ ಹೊಡೆದು ಪೈಲ್ವಾನರಾಗುವ ಹಾಗಿದ್ದರೆ, ಗರಡಿಮನೆಯವರು ವರ್ಷಗಟ್ಟಲೆ ಮಣ್ಣಿನಲ್ಲಿ ಹೊರಳಬೇಕಿರಲಿಲ್ಲ. ಸರಿ, ಒಂದಿಷ್ಟು ಗಟ್ಟಿಯಾಯಿತು ಅನ್ನೋಣ. ಆಗಲಿ ಬಿಡಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವ ಅಭ್ಯಾಸ ಆ ಸವೆತವನ್ನು ತಡೆಯಲು ನೆರವಾಗುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಮಂಚ ಹಿಡಿದ ಅಜ್ಜಿಯರನ್ನು ಕಂಡವರು ‘ನಾಜೂಕು’ ಎಂಬ ಮಾತನ್ನು ಹೊಗಳಿಕೆಯಾಗಿ ಬಳಸಲಾರರು.

ಮೂರನೆಯದು: ‘ಗರ್ಭಕೋಶಕ್ಕೆ ಪೆಟ್ಟು, ನಾಳೆ ಮಕ್ಕಳಾಗಲ್ಲ.’

ಈ ಹೆದರಿಕೆ ನಮ್ಮ ಊರಿನದಷ್ಟೇ ಅಲ್ಲ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಏದುಸಿರು ಬಿಟ್ಟದ್ದನ್ನೇ ನೆಪ ಮಾಡಿಕೊಂಡು ಆ ಓಟವನ್ನು ಕಿತ್ತುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಮ್ಯಾರಥಾನ್‌ಗೆ ಅವರನ್ನು ಬಿಟ್ಟುಕೊಂಡದ್ದು 1984ರಲ್ಲಿ. ಗರ್ಭಕೋಶಗಳೆಲ್ಲ ಇದ್ದಲ್ಲೇ ಇವೆ. 2000ದಲ್ಲಿ ಸಿಡ್ನಿಯಲ್ಲಿ ಒಟ್ಟು 240 ಕೆಜಿ ಎತ್ತಿ, ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆಯಾದ ಕರ್ಣಂ ಮಲ್ಲೇಶ್ವರಿ ಮರುವರ್ಷ ತಾಯಿಯಾದರು. ಅವಳಿ ಮಕ್ಕಳನ್ನು ಹೆತ್ತ ಮೇಲೆ ಮೇರಿ ಕೋಮ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ಗೆದ್ದರು.

ಈ ಆಕ್ಷೇಪದಲ್ಲಿ ಒಂದು ಸತ್ಯವೂ ಇದೆ, ಮುಚ್ಚಿಡುವುದಿಲ್ಲ. ಹೆರಿಗೆಯಾದ ಮೇಲೆ ಮೈ ಸುಧಾರಿಸುವ ಮೊದಲೇ ಭಾರ ಎತ್ತಿದರೆ ಗರ್ಭಕೋಶ ಜಾರುವುದುಂಟು. ಅದಕ್ಕೆ ವೈದ್ಯರನ್ನು ಕೇಳಿ ನಿಧಾನವಾಗಿ ಶುರುಮಾಡಬೇಕು. ಆದರೆ ಬಾಣಂತನ ಮುಗಿಯುತ್ತಿದ್ದಂತೆ ಅವಳ ಕೈಗೆ ಬಿಂದಿಗೆ ಕೊಡುವವರು ಯಾರು? ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ ತೂಗುತ್ತದೆ. ಅದನ್ನು ಬಾಗಿಲಿಂದ ಅಡುಗೆಮನೆಗೆ ಎಳೆದೊಯ್ಯುವಾಗ ನೆನಪಾಗದ ಗರ್ಭಕೋಶ, ಅವಳು ಐದು ಕೆಜಿಯ ಡಂಬೆಲ್ ಹಿಡಿದಾಗ ನೆನಪಾಗುತ್ತದೆ.

ನಾಲ್ಕನೆಯದು: ‘ಇದು ನಮ್ಮ ಸಂಸ್ಕೃತಿ ಅಲ್ಲ.’

ಯಾವುದು ನಮ್ಮದು? ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರನ್ನು ಕತ್ತೆತ್ತಿ ನೋಡಿ. ಕನ್ನಡಿ ಹಿಡಿದವಳ ಸಾಲಿನಲ್ಲೇ ಬಿಲ್ಲು ಹಿಡಿದ ಬೇಟೆಗಾತಿಯೂ ಇದ್ದಾಳೆ. ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತದೆ. ಒನಕೆ ಬೀಸಲು ತೋಳಿನಲ್ಲಿ ಬಲ ಬೇಕಿತ್ತು ಎಂಬುದನ್ನು ಮಾತ್ರ ಯಾವ ಭಾಷಣವೂ ಹೇಳುವುದಿಲ್ಲ. ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಗಣಿ ಕೂಲಿ ಮಾಡುತ್ತ, ಗಂಡನ ಜೊತೆ ಕೊಡ ಹೊತ್ತು ನಡೆದು ಆಲದ ಸಸಿಗಳಿಗೆ ನೀರುಣಿಸಿದವರು. ಅವರ ತಾಯ್ತನವನ್ನು ಹೊಗಳಿದೆವು, ಕೊಡ ಹೊತ್ತ ಕತ್ತನ್ನು, ನಡೆದ ಕಾಲನ್ನು ಮರೆತೆವು.

ಬಟ್ಟೆಯ ಮಾತಿಗೆ ಬಂದರೆ, ಕಾರ್ಕಳದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದದ್ದು ಚಡ್ಡಿ ತೊಟ್ಟೇ. 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಪದಕ ಬಂದಾಗ ಹಾರ ಹಾಕುವ ನಾವು, ಪಕ್ಕದ ಮನೆ ಹುಡುಗಿ ಓಡುವಾಗ ಪ್ಯಾಂಟು ನೋಡುತ್ತೇವೆ. ಚೂಡಿದಾರದಲ್ಲೇ ಓಡುತ್ತೇನೆ ಎನ್ನುವವಳು ಹಾಗೇ ಓಡಲಿ. ಕಾಲಿಗೆ ತೊಡರದಿದ್ದರೆ ಸಾಕು.

ಐದನೆಯದು: ‘ಹೊಟ್ಟೆ ತುಂಬಿದವರ ಶೋಕಿ.’

ಇದು ಉಳಿದೆಲ್ಲಕ್ಕಿಂತ ಗಟ್ಟಿ ಮಾತು. ಐದಕ್ಕೆ ಎದ್ದು ನೀರು ಹಿಡಿದು, ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎಂಟರೊಳಗೆ ಕಂಪನಿಯ ಗಾಡಿ ಹತ್ತುವವಳಿಗೆ ‘ವ್ಯಾಯಾಮ ಮಾಡಮ್ಮ’ ಎನ್ನುವುದು ಸುಲಭ, ಹೊತ್ತು ತಂದುಕೊಡುವುದು ಕಷ್ಟ. ಒಪ್ಪುತ್ತೇನೆ. ಆದರೆ ಈ ಮಾತು ಬೆರಳು ತೋರಿಸಬೇಕಾದದ್ದು ಹೊತ್ತು ಕಿತ್ತುಕೊಂಡವರ ಕಡೆಗೆ. ಜಿಮ್ಮಿನ ದುಡ್ಡು ಬೇಡ. ಬಸ್ಕಿಗೆ ನೆಲ ಸಾಕು, ಮೆಟ್ಟಿಲಿದ್ದರೆ ಹತ್ತಿ ಇಳಿಯಬಹುದು. ಬೇಕಿರುವುದು ಅರ್ಧ ಗಂಟೆ. ಆ ಅರ್ಧ ಗಂಟೆ ಗಂಡ ಬಿಂದಿಗೆ ತುಂಬಿಸಿಟ್ಟರೆ ಹುಟ್ಟುತ್ತದೆ. ಯಾರ ಮೈ ಹೆಚ್ಚು ದುಡಿಯುತ್ತದೋ ಅವರಿಗೇ ಅದರ ಆರೈಕೆ ಮೊದಲು ಸಲ್ಲಬೇಕು.

ಆರನೆಯದನ್ನು ಹೇಳಿದವಳು ನನ್ನ ಗೆಳತಿ: ‘ನಿನ್ನೆಯವರೆಗೆ ತೆಳ್ಳಗಿರು ಅಂದ್ರು, ಇವತ್ತು ಗಟ್ಟಿಯಾಗಿರು ಅಂತೀರ. ಇದೂ ಒಂದು ಹೊರೆ ಅಲ್ವೇನೆ?’

ಅವಳ ಅನುಮಾನ ಸರಿಯಾದದ್ದೇ. ಕನ್ನಡಿಯ ಮುಂದೆ ನಿಂತು ಹೊಟ್ಟೆಯಲ್ಲಿ ಗೆರೆ ಮೂಡಿತೇ ಎಂದು ನೋಡುವುದು, ಸೊಂಟದ ಸುತ್ತಳತೆಗೆ ಅಳುವುದು, ಎರಡೂ ಒಂದೇ ಕಾಯಿಲೆ. ನಾನು ಹೇಳುವ ಮೆಚ್ಚುಗೆ ಮೈ ಏನು ಮಾಡಬಲ್ಲದು ಎಂಬುದರ ಮೇಲೆ ನಿಂತದ್ದು. ಬೆಂಗಳೂರಿನ ಮಾಲತಿ ಹೊಳ್ಳರನ್ನು ನೆನೆಯಿರಿ. ಎಳವೆಯಲ್ಲೇ ಪೋಲಿಯೊ ಬಂದು ಗಾಲಿಕುರ್ಚಿ ಹಿಡಿದವರು. ಆ ಕುರ್ಚಿಯಲ್ಲೇ ಜಾವೆಲಿನ್, ಶಾಟ್‌ಪುಟ್ ಎಸೆದು ಪದಕ ಗೆದ್ದರು; ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ಯಾವ ಕ್ಯಾಲೆಂಡರಿನ ಚೆಲುವಿಗೂ ಸೇರದ ಮೈಗೆ ತನ್ನದೇ ಬಲವಿರುತ್ತದೆ. ಕಸರತ್ತು ಬೇಡವೆನ್ನುವವಳಿಗೂ ಗೌರವವಿದೆ. ಬೇಕೆನ್ನುವವಳನ್ನು ತಡೆಯಬೇಡಿ, ಅಷ್ಟೇ ನನ್ನ ವಾದ.

ಆರೂ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತಿಳಿಯುತ್ತದೆ. ಗೆಳತಿಯನ್ನು ಬಿಟ್ಟರೆ ಮಿಕ್ಕವರಿಗೆ ಹೆಂಗಸಿನ ಬಲದ ಬಗ್ಗೆ ತಕರಾರಿಲ್ಲ. ಅದು ಒಲೆಗೆ, ಹೊಲಕ್ಕೆ, ಮಷೀನಿಗೆ ಸಂದರೆ ಸರಿ. ಅವಳಿಗೇ ಉಳಿದರೆ, ಅವಳು ಅದನ್ನು ಕಂಡು ಖುಷಿಪಟ್ಟರೆ, ಅದು ತಪ್ಪು.

ಹಾಗಾಗಿ ಮೂರು ಕೋರಿಕೆ. ಪಟ್ಟಣ ಪಂಚಾಯಿತಿಯವರು ಬೆಳಗಿನ ಜಾವ ನಡೆಯುವ ಹಾದಿಗೆ ದೀಪ ಹಾಕಿಸಲಿ. ಕಾರ್ಖಾನೆಯವರು ಊಟದ ಬಿಡುವನ್ನು ಮುಟ್ಟದೆ, ಕತ್ತು ಬೆನ್ನು ಸಡಿಲಿಸಲು ಹತ್ತು ನಿಮಿಷ ಕೊಡಲಿ. ಮನೆಯ ಗಂಡಸರು ನಾಳೆ ಬೆಳಗ್ಗೆ ನೀರು ಹಿಡಿಯಲಿ.

ಅಂದಹಾಗೆ, ಆ ರವಿಕೆ ಹೊಲಿದು ಬಂತು. ತೋಳು ಹದಿಮೂರೂವರೆಗೇ ಇದೆ. ಸರಿಯಾಗಿ ಕೂತಿದೆ.