ಏರಿನಲ್ಲಿ ಸಿಡಿಯುವ ಕಾರು

ಕಳೆದ ಶ್ರಾವಣದ ಒಂದು ಸಂಜೆ. ಸತ್ಯಮಂಗಲದಲ್ಲಿ ತಾಯಿಯವರ ಕಣ್ಣಿನ ಪರೀಕ್ಷೆ ಮುಗಿಸಿಕೊಂಡು ತಾಳವಾಡಿಗೆ ಮರಳುತ್ತಿದ್ದೆವು. ಬಣ್ಣಾರಿಯನ್ನು ದಾಟಿ ದಿಂಬಂ ಘಟ್ಟದ ಏರು ಹಿಡಿದೊಡನೆ ನಮ್ಮ ಪೆಟ್ರೋಲ್ ಕಾರು ‘ಪಟ್, ಪಟ್’ ಎಂದು ಸಿಡಿಯತೊಡಗಿತು. 27 ಕಡಿದಾದ ತಿರುವುಗಳ ದಾರಿ. ಇಕ್ಕೆಲದಲ್ಲಿಯೂ ಆನೆಗಳು ಸಂಚರಿಸುವ ಕಾಡು. ಆಕ್ಸಿಲರೇಟರನ್ನು ಒತ್ತಿದಷ್ಟೂ ಸದ್ದು ಹೆಚ್ಚುತ್ತಿತ್ತು, ಕಾರಿನ ಕಸುವು ಕುಂದುತ್ತಿತ್ತು. ಎದುರಿನ ಫಲಕದಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪ ಮಿನುಗುತ್ತಿತ್ತು. ಹಿಂದಿನ ಆಸನದಲ್ಲಿ ತಾಯಿಯವರು ಕಣ್ಮುಚ್ಚಿ ಬಣ್ಣಾರಿಯಮ್ಮನನ್ನು ನೆನೆಯುತ್ತಿದ್ದರು. ಮೆಲ್ಲಮೆಲ್ಲಗೆ ಏರಿ, ಹಾಸನೂರಿನ ದೀಪಗಳು ಕಂಡ ಮೇಲೆಯೇ ನಾವು ಸರಾಗವಾಗಿ ಉಸಿರಾಡಿದ್ದು.

ಮರುದಿನ ಕಾರನ್ನು ಒಂದು ಕಾರ್ಖಾನೆಗೆ ಒಯ್ದೆವು. ಸದ್ದನ್ನು ಕೇಳಿಯೂ ನೋಡದೆ, ಪೆಟ್ರೋಲ್ ಪಂಪು ಕೆಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿದರು. ಹಣ ಹೋಯಿತು, ಸದ್ದು ಹೋಗಲಿಲ್ಲ. ಬಳಿಕ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ಕರಲ್ಲಿಗೆ ಹೋದೆವು. ಅವರು ಬಾನೆಟ್ಟನ್ನು ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿದರು. ಸದ್ದು ತಿರುವಿನಲ್ಲಿ ಮಾತ್ರವೋ, ನೇರವಾದ ಏರಿನಲ್ಲಿಯೂ ಉಂಟೋ? ಹಿಂದಿನ ಹೊಗೆಕೊಳವೆಯಿಂದಲೋ, ಬಾನೆಟ್ಟಿನ ಕೆಳಗಿನಿಂದಲೋ? ಎಂಜಿನ್ ತಣ್ಣಗಿರುವಾಗಲೋ, ಕಾದ ಮೇಲೋ? ನಮ್ಮ ಉತ್ತರ: ನೇರವಾದ ಏರಿನಲ್ಲಿಯೂ ಉಂಟು, ಹಿಂದಿನಿಂದ ಬರುತ್ತದೆ, ಕಾದ ಮೇಲೆ ಹೆಚ್ಚು. ಅರ್ಧ ರೋಗ ಅಲ್ಲಿಯೇ ಗೊತ್ತಾಯಿತೆಂದು ಅವರು ನಕ್ಕರು.

ಸ್ಪಾರ್ಕ್ ಪ್ಲಗ್ಗಿನ ಕಿಡಿ ದುರ್ಬಲವಾದರೆ ಸಮತಟ್ಟಾದ ದಾರಿಯಲ್ಲಿ ಹೇಗೋ ಕಾರು ಸಾಗುತ್ತದೆ. ಏರಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುವುದರಿಂದ ಕಿಡಿ ಹಾರಲು ಹೆಚ್ಚಿನ ವಿದ್ಯುತ್ ಒತ್ತಡ ಬೇಕು. ಅದು ದೊರೆಯದಾಗ ಕಿಡಿ ತಪ್ಪುತ್ತದೆ. ಉರಿಯದ ಪೆಟ್ರೋಲು ಕಾದ ಹೊಗೆಕೊಳವೆಗೆ ನುಗ್ಗಿ ಅಲ್ಲಿ ಸಿಡಿಯುತ್ತದೆ. ಅದೇ ನಾವು ಕೇಳಿದ ‘ಪಟ್’.

ಹಲವು ಕಾರುಗಳಲ್ಲಿ ಈಗ ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರುತ್ತದೆ. ಅವರು ಸ್ಕ್ಯಾನರನ್ನು ಜೋಡಿಸಿದಾಗ ಪಿ0302 ಎಂಬ ಸಂಕೇತ ಬಂತು; ಎರಡನೆಯ ಸಿಲಿಂಡರಿನಲ್ಲಿ ಕಿಡಿ ಅಥವಾ ಉರಿತ ತಪ್ಪುತ್ತಿದೆಯೆಂದು ಅದರರ್ಥ. ಆದರೆ ತಪ್ಪು ಪ್ಲಗ್ಗಿನದೋ ಕಾಯಿಲಿನದೋ ಎಂಬುದನ್ನು ಸಂಕೇತ ಹೇಳುವುದಿಲ್ಲ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ, ಎರಡನೆಯ ಕಾಯಿಲನ್ನು ಮೂರನೆಯದರೊಡನೆ ಅದಲುಬದಲು ಮಾಡಿದರು. ಮತ್ತೆ ಏರಿನಲ್ಲಿ ಓಡಿಸಿ ಬಂದಾಗ ಸಂಕೇತ ಪಿ0303 ಆಗಿತ್ತು. ದೋಷ ಕಾಯಿಲಿನೊಡನೆ ಜಾಗ ಬದಲಿಸಿತ್ತು! ಒಂದು ಹೊಸ ಕಾಯಿಲ್ ಹಾಕಿ, ಸವೆದು ಅಂತರ ಅಗಲವಾಗಿದ್ದ ನಾಲ್ಕು ಪ್ಲಗ್ಗುಗಳನ್ನೂ ಬದಲಿಸಿದೊಡನೆ ಸದ್ದು ನಿಂತಿತು. ಎಂಜಿನ್ ಓಡುತ್ತಿರುವಾಗ ಕಾಯಿಲನ್ನು ಮುಟ್ಟುವ ಸಾಹಸ ಬೇಡ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್.

ಎಲ್ಲ ಸಿಡಿತಕ್ಕೂ ಇದೇ ಕಾರಣವೆಂದು ಭಾವಿಸಲಾಗದು. ಸದ್ದು ಬಾನೆಟ್ಟಿನ ಕೆಳಗೆ, ಗಾಳಿ ಒಳಸೇರುವ ಕಡೆಯಲ್ಲಿದ್ದರೆ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿರಬಹುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸರಿಯಾದ ಅಳತೆ. ಬಿರಿದ ಅಥವಾ ಇಲಿ ಕಚ್ಚಿದ ರಬ್ಬರ್ ಕೊಳವೆ, ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಈ ಅಳತೆಯನ್ನು ಕೆಡಿಸುತ್ತವೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಮಾತ್ರ ‘ಟಕ್ ಟಕ್’ ಎಂದರೆ ಎಂಜಿನ್ನನ್ನು ದೂರಬೇಡಿ; ಮುಂದಿನ ಚಕ್ರದ ಆಕ್ಸಲಿನ ಕೀಲು ಸವೆದಿರುವ ಸಂಭವವೇ ಹೆಚ್ಚು. ಅದರ ರಬ್ಬರ್ ಹೊದಿಕೆ ಹರಿದು, ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಸಂಶಯವೇ ಉಳಿಯದು.

ತಣ್ಣಗಿರುವಾಗ ‘ಟಿಕ್ ಟಿಕ್’ ಎಂದು, ಕಾದ ಮೇಲೆ ಕುಗ್ಗುವ ಸದ್ದು ಹೊಗೆಕೊಳವೆಯ ಬೆಸುಗೆ ಅಥವಾ ಗ್ಯಾಸ್ಕೆಟ್ ಸೋರುತ್ತಿರುವುದರ ಸೂಚನೆ. ಲೋಹ ಕಾದು ಹಿಗ್ಗಿದಾಗ ಬಿರುಕು ಕಿರಿದಾಗುವುದರಿಂದ ಸದ್ದು ಕುಗ್ಗುತ್ತದೆ, ಗುಣವಾಯಿತೆಂದು ಮೋಸಹೋಗಬಾರದು. ಸೋರುವ ಹೊಗೆಯಲ್ಲಿ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವಿರುತ್ತದೆ. ಮಕ್ಕಳು ಮಲಗಿಕೊಂಡು ಪಯಣಿಸುವ ಕಾರಿನಲ್ಲಿ ಇದನ್ನು ಒಂದು ದಿನವೂ ಅಲಕ್ಷಿಸಕೂಡದು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಲೂ ಕೂಡದು.

ಆ ಹಳದಿ ದೀಪದ ವಿಷಯ. ಅದು ಸ್ಥಿರವಾಗಿ ಉರಿದರೆ ಬೇಗನೆ ಪರೀಕ್ಷೆ ಮಾಡಿಸಿ. ಮಿನುಗಿದರೆ ವೇಗ ತಗ್ಗಿಸಿ, ಸುರಕ್ಷಿತವಾದ ಜಾಗ ಸಿಕ್ಕೊಡನೆ ನಿಲ್ಲಿಸಿ. ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟು ಕೆಡಿಸಬಲ್ಲುದು. ಅದರ ಬೆಲೆಯ ಮುಂದೆ ಒಂದು ಕಾಯಿಲಿನ ಬೆಲೆ ಏನೂ ಅಲ್ಲ.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಕಾರಿನಲ್ಲಿ ಒಂದು ಚಿಕ್ಕ ಪುಸ್ತಕವಿರಲಿ. ಸದ್ದು ಯಾವಾಗ, ಎಲ್ಲಿ, ಎಂಜಿನ್ ಎಷ್ಟು ಕಾದಾಗ ಬಂತೆಂದು ಬರೆದಿಡಿ. ಗಡಿಯಾಚೆಯ ನಾವು ಮೆಕ್ಯಾನಿಕ್ಕರೊಡನೆ ತಮಿಳಿನಲ್ಲಿಯೋ ಮಲಯಾಳದಲ್ಲಿಯೋ ಮರಾಠಿಯಲ್ಲಿಯೋ ತಡವರಿಸುವವರು. ಆದರೆ ‘ಪಟ್’ ಎಂಬ ಸದ್ದಿಗೆ ದುಭಾಷಿ ಬೇಕಿಲ್ಲ. ಬಿಡಿಭಾಗ ಬದಲಿಸುವ ಮೊದಲು ಸದ್ದನ್ನು ಕೇಳುವವರನ್ನು ಆರಿಸಿಕೊಳ್ಳಿ. ಮೊನ್ನೆ ಮತ್ತೆ ದಿಂಬಂ ಏರಿದೆವು; ತಾಯಿಯವರು ಬಣ್ಣಾರಿಯಿಂದ ಹಾಸನೂರಿನವರೆಗೂ ನಿದ್ರಿಸಿದರು.