ದೆಹಲಿಯ ಹೊಗೆ: ನಿಷೇಧ ಬಂತು, ಬಸ್ಸು ಬರಲಿಲ್ಲ

2025ರ ಜುಲೈ 1ರಂದು ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಹೊಸ ನಿಯಮವೊಂದು ಜಾರಿಗೆ ಬಂತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೂ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೂ ಇಂಧನ ಹಾಕುವಂತಿಲ್ಲ ಎಂಬುದು ಆಜ್ಞೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ವಾಹನದ ವಯಸ್ಸನ್ನು ಪತ್ತೆ ಮಾಡತೊಡಗಿದವು. ಮೂರನೆಯ ದಿನವೇ ದೆಹಲಿ ಸರಕಾರ ಹಿಂಜರಿಯಿತು. ವಾಯು ಗುಣಮಟ್ಟ ನಿರ್ವಹಣಾ ಆಯೋಗವು ನಿಯಮವನ್ನು ನವೆಂಬರ್‌ಗೆ ಮುಂದೂಡಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ವಾಹನ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಸೂಚಿಸಿತು.

ಇದೇ ನಿಷೇಧವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014-15ರಲ್ಲಿ ವಿಧಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ನ್ಯಾಯಾಲಯದ ಬಲವಿದ್ದ ನಿಯಮ ಬಂಕಿನ ಮುಂದೆ ಮೂರು ದಿನ ನಿಲ್ಲಲಾರದೆ ಹೋದದ್ದೇಕೆ? ಉತ್ತರ 1998ರಲ್ಲಿದೆ.

ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ಮಹತ್ವದ ಆದೇಶ ನೀಡಿತು. ಸೀಸಯುಕ್ತ ಪೆಟ್ರೋಲ್ ನಿಲ್ಲಬೇಕು; 1990ಕ್ಕೂ ಹಿಂದಿನ ಆಟೋ, ಟ್ಯಾಕ್ಸಿಗಳ ಬದಲಿಗೆ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕು; 2001ರ ಮಾರ್ಚ್ 31ರೊಳಗೆ ನಗರದ ಎಲ್ಲ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕು. ಜೊತೆಗೆ ಒಂಬತ್ತೇ ಇದ್ದ ಸಿಎನ್‌ಜಿ ಕೇಂದ್ರಗಳು ಎಂಬತ್ತಾಗಬೇಕು, ಬಸ್ಸುಗಳ ಸಂಖ್ಯೆ ಹತ್ತು ಸಾವಿರಕ್ಕೇರಬೇಕು ಎಂದೂ ಆದೇಶ ಹೇಳಿತ್ತು. ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಬದಲಿ ವ್ಯವಸ್ಥೆ. ಎರಡೂ ಒಂದೇ ಆದೇಶದ ಭಾಗಗಳಾಗಿದ್ದವು.

ತಡೆಯ ಭಾಗ ಸುಲಭವಾಗಿಯೇನೂ ಜಾರಿಯಾಗಲಿಲ್ಲ. ಗಡುವು ಮೀರಿತು, ಅನಿಲಕ್ಕಾಗಿ ಆಟೋಗಳು ಸಾಲುಗಟ್ಟಿ ಕಾದವು. 2002ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಓಡುತ್ತಿದ್ದ ಪ್ರತಿ ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ ದಂಡ ವಿಧಿಸಿತು; ಮೂವತ್ತು ದಿನಗಳ ನಂತರ ಅದು 1,000 ರೂಪಾಯಿ. ಆ ವರ್ಷ ಮುಗಿಯುವ ಹೊತ್ತಿಗೆ ಡೀಸೆಲ್ ಬಸ್ಸುಗಳು ನಗರ ಸಾರಿಗೆಯಿಂದ ಮರೆಯಾದವು. ಕರಿಹೊಗೆ ಉಗುಳುವ ಬಸ್ಸು ದೆಹಲಿಯ ಗುರುತಾಗಿ ಉಳಿಯಲಿಲ್ಲ.

ಆದರೆ ಹತ್ತು ಸಾವಿರ ಬಸ್ಸುಗಳ ಮಾತು ಕಡತದಲ್ಲೇ ಉಳಿಯಿತು. 2002ರ ಡಿಸೆಂಬರ್‌ನಲ್ಲಿ ಮೆಟ್ರೋ ಆರಂಭವಾಗಿ ನಗರದುದ್ದಗಲಕ್ಕೂ ಹಬ್ಬಿತು, ನಿಜ. ಆದರೂ 2023ರ ವೇಳೆಗೆ ಡಿಟಿಸಿ ಹಾಗೂ ಕ್ಲಸ್ಟರ್ ಬಸ್ಸುಗಳು ಒಟ್ಟಾಗಿ ಎಂಟು ಸಾವಿರವನ್ನೂ ಮುಟ್ಟಿರಲಿಲ್ಲ. ಬಸ್ಸು ಸಿಗದವರು ಸ್ವಂತ ವಾಹನ ಕೊಂಡರು. ಸಿಎನ್‌ಜಿಯಿಂದ ಗಳಿಸಿದ್ದ ಲಾಭವನ್ನು ಬೆಳೆಯುತ್ತ ಹೋದ ವಾಹನಗಳ ಸಂಖ್ಯೆ ನುಂಗಿತು.

2016ರ ಜನವರಿಯ ಸಮ-ಬೆಸ ಪ್ರಯೋಗದಲ್ಲಿ ಈ ಕೊರತೆ ಬಯಲಾಯಿತು. ದ್ವಿಚಕ್ರ ವಾಹನಗಳಿಗೆ ವಿನಾಯಿತಿ ನೀಡಲಾಯಿತು. ಅವುಗಳ ಸವಾರರನ್ನು ಹೊರುವಷ್ಟು ಬಸ್ಸುಗಳು ಇರಲಿಲ್ಲ. ಅದೇ ತಿಂಗಳು ಹೊರಬಿದ್ದ ಐಐಟಿ ಕಾನ್ಪುರದ ವರದಿಯ ಪ್ರಕಾರ, ವಾಹನಗಳು ಹೊರಸೂಸುವ ಸೂಕ್ಷ್ಮ ಕಣಗಳಲ್ಲಿ ಲಾರಿಗಳ ಪಾಲು ಶೇ. 46, ದ್ವಿಚಕ್ರ ವಾಹನಗಳದ್ದು ಶೇ. 33, ಕಾರುಗಳದ್ದು ಶೇ. 10ರ ಆಸುಪಾಸು. ನಿರ್ಬಂಧ ಬಿದ್ದದ್ದು ಹತ್ತರ ಮೇಲೆ, ಬಿಟ್ಟದ್ದು ಮೂವತ್ತಮೂರನ್ನು.

ವಯಸ್ಸಿನ ನಿಷೇಧದ್ದು ಇನ್ನೊಂದು ದೋಷ. ಅದು ಹೊಗೆಯನ್ನು ಅಳೆಯುವುದಿಲ್ಲ, ಹುಟ್ಟಿದ ದಿನವನ್ನು ಎಣಿಸುತ್ತದೆ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡುವ ಕಾರಿಗೂ ಹಗಲಿರುಳು ದುಡಿಯುವ ವಾಹನಕ್ಕೂ ಒಂದೇ ಶಿಕ್ಷೆ. ಹಳೆಯ ವಾಹನದ ಒಡೆಯರಲ್ಲಿ ಹೊಸದನ್ನು ಕೊಳ್ಳಲಾಗದವರೇ ಬಹಳ. ಹಾಗೆಂದು ಹೊಗೆ ಪರೀಕ್ಷೆಯ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. ಅತ್ಯಂತ ಅಪಾಯಕಾರಿಯಾದ ಸೂಕ್ಷ್ಮ ಕಣಗಳನ್ನು ಆ ಪರೀಕ್ಷೆ ನೇರವಾಗಿ ಅಳೆಯುವುದೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಆಗಸ್ಟ್ ಆದೇಶವನ್ನು ತಿದ್ದಿ, ಬಿಎಸ್-4 ಹಾಗೂ ಅದಕ್ಕಿಂತ ಮೇಲಿನ ಮಾನದಂಡದ ವಾಹನಗಳಿಗೆ ಮಾತ್ರ ರಕ್ಷಣೆಯನ್ನು ಉಳಿಸಿತು. ವಯಸ್ಸಿನ ಬದಲು ಎಂಜಿನ್ನಿನ ಗುಣಮಟ್ಟವನ್ನು ನೋಡುವತ್ತ ಇದು ಸರಿಯಾದ ಹೆಜ್ಜೆ.

ಪ್ರೋತ್ಸಾಹದ ಕಡೆ ದೆಹಲಿ ಸುಮ್ಮನೆ ಕುಳಿತಿಲ್ಲ. 2020ರ ವಿದ್ಯುತ್ ವಾಹನ ನೀತಿ ದ್ವಿಚಕ್ರ ವಾಹನಗಳಿಗೆ 30,000 ರೂಪಾಯಿವರೆಗೆ ಸಹಾಯಧನ ಘೋಷಿಸಿತು. 2024ರೊಳಗೆ ಹೊಸ ನೋಂದಣಿಯಲ್ಲಿ ಕಾಲು ಭಾಗ ವಿದ್ಯುತ್ ವಾಹನಗಳಿರಬೇಕೆಂಬ ಗುರಿ ಮಾತ್ರ ಈಡೇರಲಿಲ್ಲ. ರಸ್ತೆಯ ಧೂಳು, ಕಟ್ಟಡ ಕಾಮಗಾರಿ, ನೆರೆರಾಜ್ಯಗಳ ಕೂಳೆ ಸುಡುವ ಹೊಗೆಯೂ ದೆಹಲಿಯ ಗಾಳಿಯಲ್ಲಿ ಸೇರಿವೆ. ಆದರೆ ವರ್ಷವಿಡೀ ಜನರ ಮೂಗಿನ ಮಟ್ಟದಲ್ಲಿ ಹರಿಯುವುದು ವಾಹನದ ಹೊಗೆ.

ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲೇ ದೇಶದಲ್ಲಿ ಮೊದಲಿಗೆ ರೂಪಿಸಿದ ರಾಜ್ಯ ಕರ್ನಾಟಕ. ಇಲ್ಲಿಯೂ ಒಂದಲ್ಲ ಒಂದು ದಿನ ವಾಹನಗಳಿಗೆ ತಡೆ ಹಾಕುವ ಮಾತು ಬಂದೀತು. ಆ ಆಜ್ಞೆ ಹೊರಡಿಸುವ ಮುನ್ನ, ಮನೆಯಲ್ಲೇ ವಾಹನ ಬಿಟ್ಟು ಹೊರಟವನಿಗೆ ನಿಲ್ದಾಣದಲ್ಲಿ ಬಸ್ಸು ಸಿಗುವುದೇ ಎಂಬ ಪ್ರಶ್ನೆಗೆ ಆಳುವವರು ಉತ್ತರ ಸಿದ್ಧಪಡಿಸಿಕೊಳ್ಳಬೇಕು. ಅದಿಲ್ಲದ ನಿಷೇಧ ಎಷ್ಟು ದಿನ ಬಾಳುತ್ತದೆಂಬುದನ್ನು ದೆಹಲಿಯ ಬಂಕುಗಳು ತೋರಿಸಿಕೊಟ್ಟಿವೆ.